ಬೆರಳು ತೆಗಿ

ಟಕ್ ಎಂದಿತು, ಅಷ್ಟೇ, ಆ ಸದ್ದಿಗೆ ಬಾಲವೇ ಇಲ್ಲ, ತನ್ನ ಕ್ಯಾಮೆರಾ ಆಗಿದ್ದರೆ ಟಕ್ ಎಂದ ಮೇಲೆ ಹೆಬ್ಬೆರಳು ಲಿವರ್ ಎಳೆಯಬೇಕು, ಕರ್ರ್ ಎಂದು ರೀಲು ಮುಂದಕ್ಕೆ ಸರಿಯಬೇಕು, ಆಗಲ್ಲವೇ ಒಂದು ಫೋಟೋ ತೆಗೆದ ಸಮಾಧಾನ, ಇದು ಯಾರೋ ಉಗುರು ಕತ್ತರಿಸಿಕೊಂಡ ಹಾಗೆ — ಹೇಗಿದೆ ಸರ್ ಸೌಂಡು, ಬೆಣ್ಣೆ ಇದ್ದಂಗಿಲ್ವಾ, ಎನ್ನುತ್ತಿದ್ದಾನೆ ಕ್ಯಾಮೆರಾ ಅಂಗಡಿಯವನು, ಬೆಣ್ಣೆ ಯಾವತ್ತು ಸದ್ದು ಮಾಡಿತ್ತಯ್ಯಾ, ಎಂದು ನಾಲಗೆಯ ತುದಿಗೆ ಬಂದದ್ದನ್ನು ಫೋಟೋಗ್ರಾಫರ್ ನುಂಗಿಕೊಂಡ, ಪಕ್ಕದ ಸ್ಟೂಲಿನಲ್ಲಿ ಮಗಳು ಕೂತಿದ್ದಾಳೆ, ಜಗಳ ಆಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟು ಬಂದಿದ್ದಾನೆ. ಮುಖ ಗಂಟು ಹಾಕ್ಕೋಬೇಡಪ್ಪ, ನೋಡೋಕೆ ಬಂದಿದೀವಿ, ನೋಡು. ನೋಡುವುದೇನು ಮಣ್ಣು, ಹುಟ್ಟಿದಾಗಿನಿಂದ ಅವನ ಕಸುಬೇ ನೋಡುವುದು, ಗಲ್ಲ ಮೇಲೆ, ಸ್ವಲ್ಪ ಕೆಳಗೆ, ಉಸಿರು ಹಿಡೀರಿ, ಬೀದಿಯ ಮಕ್ಕಳೆಲ್ಲ ಅವನನ್ನು ಗಲ್ಲದ ಮಾಮ ಎಂದೇ ಕರೆಯುವುದು, ಊರಿನ ಅರ್ಧ ಗಲ್ಲಗಳು ಅವನ ಲೆನ್ಸಿನ ಮುಂದೆ ಏರಿ ಇಳಿದಿವೆ — ಈಗ ಆ ಗಲ್ಲಗಳೆಲ್ಲ ರಸ್ತೆ ದಾಟಿ ಎದುರಿನ ಹೊಸ ಸ್ಟುಡಿಯೋಕ್ಕೆ ಹೋಗುತ್ತವೆ, ಅಲ್ಲಿ ಕೂತವರು ಏಳುವಷ್ಟರಲ್ಲಿ ಫೋಟೋ ಕೈಗೆ ಬರುತ್ತದೆ, ಇವನು ನಾಳೆ ಸಂಜೆ ಬನ್ನಿ ಎಂದರೆ ನಗುತ್ತಾರೆ, ನಾಳೆ ಸಂಜೆನಾ, ಆಮೇಲೆ ನಗುವುದನ್ನೂ ಬಿಟ್ಟರು, ಬರುವುದನ್ನೇ ಬಿಟ್ಟರು. ಕಾಲಕ್ಕೆ ತಕ್ಕ ಕೋಲ ಕಟ್ಬೇಕಪ್ಪ, ನಮ್ಮ ಎಕ್ಸ್-ರೇ ಕೋಣೇಲೇ ಫಿಲ್ಮ್ ಹೋಯ್ತು, ಎಲ್ಲ ಕಂಪ್ಯೂಟರಿಗೇ ಬರುತ್ತೆ, ಈ ಡಿಜಿಟಲ್ ತಗೋ, ಇಲ್ಲಾಂದ್ರೆ ಬಾಗಿಲು ಎಳಿ, ಎರಡರಲ್ಲಿ ಒಂದು ಇವತ್ತೇ ಹೇಳು. ಆಸ್ಪತ್ರೆಯಲ್ಲಿ ಮೂಳೆಗಳ ಫೋಟೋ ತೆಗೆಯುವವಳು, ಮಾತೂ ಮೂಳೆ ಮುರಿದ ಹಾಗೆ, ಯಾರ ಮಗಳು ಹೇಳಿ.

ಮೇಡಂ, ನೀವು ಹಂಗೇ ಎದ್ದು ನಿಂತ್ಕೊಳ್ಳಿ, ಸರ್‌ಗೆ ಒಂದು ಮ್ಯಾಜಿಕ್ ತೋರಿಸ್ತೀನಿ, ಮಗಳು ಎದ್ದು ನಿಂತಳು, ಬೆನ್ನ ಹಿಂದೆ ರಟ್ಟಿನ ಡಬ್ಬಗಳು, ತೂಗುಹಾಕಿದ ಚೀಲಗಳು, ಕೆಟ್ಟ ಗಡಿಯಾರ, ಟಕ್, ತಂತಿ ಸಿಕ್ಕಿಸಿದ, ಕಂಪ್ಯೂಟರಿನಲ್ಲಿ ಮಗಳು ಬಂದಳು, ಒಂದು ಗುಂಡಿ ಒತ್ತಿದ, ಡಬ್ಬ ಚೀಲ ಗಡಿಯಾರ ಎಲ್ಲ ಮಾಯ, ಹಾಲು ಚೆಲ್ಲಿದ ಹಾಗೆ ಬಿಳಿ, ನಡುವೆ ಮಗಳು ಒಬ್ಬಳೇ, ನೆಲವೂ ಇಲ್ಲದೆ ನಿಂತಿದ್ದಾಳೆ. ಎಲ್ಲಿಗೆ ಹೋಯ್ತು ಅದೆಲ್ಲ, ಎಂದು ಕೇಳಿದ. ಯಾವುದು ಸರ್? ಹಿಂದೆ ಇತ್ತಲ್ಲ, ಅದು. ಎಲ್ಲಿಗೂ ಇಲ್ಲ ಸರ್, ಡಿಲೀಟು, ಪರದೆ ಕಟ್ಟೋ ತಾಪತ್ರಯಾನೇ ಇಲ್ಲ, ಯಾರೂ ಹಿಡ್ಕೊಂಡು ನಿಲ್ಲೋದೂ ಬೇಡ — ಹಿಡ್ಕೊಂಡು ನಿಲ್ಲೋದೂ ಬೇಡ, ಎಷ್ಟು ಸಲೀಸಾಗಿ ಹೇಳಿದ ಬೋಳಿಮಗ, ಅವನಿಗೇನು ಗೊತ್ತು, ಗೊತ್ತಿದ್ದರೆ ಹೇಳುತ್ತಿದ್ದನೇ. ಬಿಳಿ ಪರದೆಯ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ಹೆಂಡತಿಯ ಕೈಗೆ, ಮದುವೆಯಾಗಿ ಬಂದ ವಾರದಿಂದ ಅದೇ ಅವಳ ಜಾಗ, ಗಿರಾಕಿಯ ಹಿಂದೆ, ಎಡಕ್ಕೆ. ಸುಮ್ಮನೆ ಹಿಡಿದರೆ ಬಟ್ಟೆಯ ಸುಕ್ಕು ಫೋಟೋದಲ್ಲಿ ಬರುತ್ತದೆ, ಗುಂಡಿ ಒತ್ತುವಾಗ ಪರದೆಯನ್ನು ಅಷ್ಟೇ ಅಷ್ಟು ಅಲ್ಲಾಡಿಸಬೇಕು, ಆಗ ಸುಕ್ಕೆಲ್ಲ ಕರಗಿ ಬಿಳಿ ಗೋಡೆಯ ಹಾಗೆ ಕಾಣುತ್ತದೆ, ಹೆಚ್ಚು ಅಲ್ಲಾಡಿಸಿದರೆ ಗಾಳಿ ಬೀಸಿ ಗಿರಾಕಿಯ ಕೂದಲು ಹಾರುತ್ತದೆ, ಆ ಹದ ಅವಳ ಕೈಗೆ ಮಾತ್ರ ಗೊತ್ತಿತ್ತು. ಆದರೆ ಬೆರಳು, ಹಾಳು ಬೆರಳು, ಯಾವಾಗಲೂ ಒಳಗೆ ಬರುವುದು, ಲೇ ಇವಳೇ, ಬೆರಳು ತೆಗಿ. ಯಾಕ್ರೀ, ನನ್ನ ಬೆರಳಿಗೂ ಒಂದು ಪಾಸ್‌ಪೋರ್ಟ್ ಆಗ್ಲಿ ಬಿಡಿ. ಬೆರಳು ತೆಗಿ ಅಂದ್ನಲ್ಲ, ಕಿವಿ ಕೇಳಲ್ವಾ? ಕೇಳುತ್ತೆ ಕಣ್ರೀ, ಬೀದಿಗೆಲ್ಲ ಕೇಳುತ್ತೆ — ಗಿರಾಕಿ ಕಿಸಕ್ಕೆಂದು ನಕ್ಕು ಫೋಟೋ ಕೆಡುವುದು, ಇನ್ನೊಂದು ಸಲ ಗಲ್ಲ ಮೇಲೆ. ಪ್ರಿಂಟು ಮಾಡುವಾಗ ಹೇಗೂ ಅಂಚು ಕತ್ತರಿಸುತ್ತಿದ್ದ, ಬೆರಳು ಬಂದರೆ ಗಂಟೇನು ಹೋಗುತ್ತಿತ್ತು, ಆದರೂ ಕೂಗುವುದು, ಅವಳು ತೆಗೆದ ಹಾಗೆ ಮಾಡುವುದು, ಉಸಿರು ಹಿಡೀರಿ ಎನ್ನುವಷ್ಟರಲ್ಲಿ ನಾಲ್ಕು ಬೆರಳು ಮತ್ತೆ ಪರದೆಯ ಅಂಚಿನಲ್ಲಿ.

ಹೋದ ವರ್ಷ ಅವಳು ಹೋದಾಗ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು, ಫೋಟೋಗ್ರಾಫರನ ಹೆಂಡತಿ, ಫೋಟೋಕ್ಕೇನು ಬರ, ಮನೆಯೆಲ್ಲ ಹುಡುಕಿದರು, ಇಲ್ಲ. ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡಿದ್ದಾಳೆ, ಅದನ್ನು ತೆಗೆದವನ ಕೈ ಸೇದಿಹೋಗಲಿ, ಗುರುತಿನ ಚೀಟಿಯಲ್ಲಿ ಯಾರೋ ಹೊಗೆಯ ನಡುವಿನ ಹೆಂಗಸು, ದೀಪದ ಬುಡದಲ್ಲೇ ಕತ್ತಲು, ಕೂತ್ಕೋ ಒಂದು ತೆಗೀತೀನಿ ಅಂದಾಗಲೆಲ್ಲ ಅಯ್ಯೋ ಈಗ್ಬೇಡ ತಲೆ ಕೆದರಿದೆ, ಆಮೇಲೆ ತೆಗೀರಿ, ಅವನೂ ಆಮೇಲೆ ತೆಗೆದರಾಯಿತು ಎಂದುಕೊಂಡ, ಮನೆಯಲ್ಲೇ ಇರುವವಳು, ಎಲ್ಲಿಗೆ ಹೋಗುತ್ತಾಳೆ. ಒಂದು ಮಧ್ಯಾಹ್ನ ಗಿರಾಕಿ ಯಾರೂ ಇಲ್ಲ, ನೊಣ ಹೊಡೆಯುತ್ತ ಕೂತವನು ಯಾಕೋ ಹಳೆ ನೆಗೆಟಿವ್ ಪಟ್ಟಿಯೊಂದನ್ನು ಕಿಟಕಿಗೆ ಹಿಡಿದ, ಯಾರೋ ಗುಮಾಸ್ತ, ನೆಗೆಟಿವಿನಲ್ಲಿ ಬಿಳಿ ಪರದೆ ಕಪ್ಪು, ಆ ಕಪ್ಪಿನ ಎಡ ಅಂಚಿನಲ್ಲಿ ಬೆಳ್ಳಗೆ ನಾಲ್ಕು ಬೆರಳು. ಪಟ್ಟಿಯನ್ನು ಮುಂದಕ್ಕೆ ಸರಿಸಿದ. ಮುಂದಿನ ಚೌಕದಲ್ಲಿ ಯಾರೋ ಹುಡುಗಿ, ನಾಲ್ಕು ಬೆರಳು, ಅದರ ಮುಂದೆ ಬೋಳುತಲೆಯ ಮೇಷ್ಟ್ರು, ನಾಲ್ಕು ಬೆರಳು, ಪೆಟ್ಟಿಗೆಗಟ್ಟಲೆ ಪಟ್ಟಿಗಳು, ಊರೆಲ್ಲ ಬಂದು ನಡುವೆ ಕೂತು ಎದ್ದು ಹೋಗಿದೆ, ಅಂಚಿನಲ್ಲಿ ಅವಳು ಹಿಡಿದೇ ನಿಂತಿದ್ದಾಳೆ, ಪರದೆ ಅಲ್ಲಾಡಿಸಿ ಅಲ್ಲಾಡಿಸಿ ಬೆರಳುಗಳು ಚೂರು ಮಸುಕು, ಉಸಿರಾಡುವ ಹಾಗೆ. ಹೆಬ್ಬೆರಳು ಮಾತ್ರ ಒಂದರಲ್ಲೂ ಇಲ್ಲ, ಅದು ಬಟ್ಟೆಯ ಹಿಂದೆ. ಮೊದಲ ಪಟ್ಟಿಗಳಲ್ಲಿ ಉಂಗುರ ಬೆರಳಿಗೆ ಕಚ್ಚಿಕೊಂಡಿದೆ, ಆಮೇಲಿನವುಗಳಲ್ಲಿ ಸಡಿಲ, ಆಮೇಲೆ ಉಂಗುರ ಜಾರದಿರಲೆಂದು ದಾರ ಸುತ್ತಿದ್ದಾಳೆ, ಇದನ್ನು ಯಾವಾಗ ಸುತ್ತಿದಳು, ಅವನಿಗೆ ಗೊತ್ತೇ ಇಲ್ಲ, ಕಣ್ಣೆಲ್ಲ ಜನರ ಗಲ್ಲದ ಮೇಲಿತ್ತು, ಕೊನೆಯ ಪಟ್ಟಿಯಲ್ಲಿ ಪರದೆ ಎಡಕ್ಕೆ ಜೋತು ಬಿದ್ದಿದೆ, ನೆಟ್ಟಗೆ ಹಿಡಿಯೋಕೆ ಏನು ಧಾಡಿ ನಿಂಗೆ, ಎಂದದ್ದು ಅವತ್ತೇ ಇರಬೇಕು. ಅವಳು ಏನೂ ಹೇಳಲಿಲ್ಲ, ಅದೊಂದು ದಿನ ತಿರುಗಿ ಏನೂ ಹೇಳಲಿಲ್ಲ.

ಆಮೇಲೆ ಗೋಡೆಗೆ ಎರಡು ಮೊಳೆ ಹೊಡೆದು ಪರದೆ ಕಟ್ಟಿದ. ಮೊಳೆ ಅಲ್ಲಾಡಿಸುತ್ತದೆಯೇ, ಸುಕ್ಕೆಲ್ಲ ಎದ್ದು ಕಂಡಿತು, ಏನ್ರೀ ನನ್ನ ತಲೆ ಹಿಂದೆ ಜಮೀನಿನ ನಕ್ಷೆ ಬರ್ದಿದೀರಾ, ಎಂದು ಗಿರಾಕಿಯೊಬ್ಬ ಫೋಟೋ ವಾಪಸು ಎಸೆದು ಹೋದ, ಆ ಸಂಜೆ ಮಗಳು ಬಂದವಳು ತಾನೇ ಪರದೆ ಹಿಡಿಯಲು ಹೋದಳು, ಬಿಡಪ್ಪ ಬಿಡುವಿದ್ದಾಗ ನಾನೇ ಹಿಡೀತೀನಿ, ಅವನು ಹಾರಿಬಿದ್ದ, ಬಿಡು ಅದನ್ನ, ಮುಟ್ಟಬೇಡ. ಮಗಳು ಪರದೆ ಬಿಟ್ಟು ಹಿಂದೆ ಸರಿದಳು. ಏನು ಹೇಳುವುದು, ಆ ಅಂಚಿನಲ್ಲಿ ಇನ್ನೊಂದು ಕೈ ಬಂದರೆ, ಮಗಳದೇ ಆಗಲಿ, ಪಟ್ಟಿಯಲ್ಲಿ ಅದೂ ನಾಲ್ಕು ಬೆರಳಾಗುತ್ತದೆ ಎಂದು ಹೇಳುವುದೇ. ಹಾಸಿಗೆ ಹಿಡಿದ ಮೇಲೆ ಹೆಂಡತಿಯೇ ಅಂದಿದ್ದಳು, ಅದೇನೋ ಹೊಸ ಕ್ಯಾಮೆರಾ ಬಂದಿದ್ಯಂತಲ್ಲ, ಪರದೆ ಗಿರದೆ ಬೇಡ್ವಂತೆ, ಅದನ್ನ ತಗೊಳ್ಳಿ, ಬೇರೆ ಯಾರನ್ನೂ ತಂದು ನಿಲ್ಲಿಸ್ಬೇಡಿ, ಪಾಪ, ನಿಮ್ಮ ಬೈಗುಳ ಯಾರು ತಡ್ಕೋತಾರೆ. ಸುಮ್ನೆ ಮಲ್ಕೋ, ನೀನೇ ಎದ್ದು ಬಂದು ಹಿಡೀತೀಯ, ಎಂದು ಇವನು ಗದರಿದ, ಅವಳು ನಕ್ಕಳು, ಹೊದಿಕೆಯ ಅಂಚನ್ನು ಹಿಡಿದುಕೊಂಡು, ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಹೊರಗೆ.

ಸರ್, ನೀವೇ ಒಂದು ಹೊಡೀರಿ, ಕೈಗೆ ಬಂದ್ರೆ ಬಿಡಲ್ಲ ನೀವು, ಎಂದು ಅಂಗಡಿಯವನು ಕ್ಯಾಮೆರಾ ಕೈಗಿಟ್ಟ, ಭಾರ ಪರವಾಗಿಲ್ಲ, ಹಿಡಿತವೂ ಪರವಾಗಿಲ್ಲ, ಕಣ್ಣಿಗೆ ಒತ್ತಿಕೊಂಡ, ಮಗಳು ಮತ್ತೆ ಎದ್ದು ಡಬ್ಬಗಳ ಮುಂದೆ ನಿಂತಳು, ಸಣ್ಣ ಕಿಟಕಿಯೊಳಗೆ ಮಗಳ ಗಲ್ಲ, ಅದು ತಾಯಿಯ ಗಲ್ಲ, ಇಷ್ಟು ದಿನ ಕಾಣಲೇ ಇಲ್ಲ, ಗಲ್ಲ ಮೇಲೆ, ಎಂದ, ಸ್ವಲ್ಪ ಕೆಳಗೆ, ಮಗಳು ನಕ್ಕಳು, ಉಸಿರು ಹಿಡಿ — ಲೇ ಇವಳೇ, ಬೆರಳು ತೆಗಿ. ಬಾಯಿಂದ ಬಂದೇಬಿಟ್ಟಿತು, ದೊಡ್ಡದಾಗಿ, ಬೀದಿಗೆಲ್ಲ ಕೇಳುವ ಹಾಗೆ. ಅಂಗಡಿಯವನು ತನ್ನ ಕೈ ನೋಡಿಕೊಂಡ. ನಂದಾ ಸರ್? ಮಗಳ ನಗು ಹಾಗೇ ನಿಂತಿತು, ನಿಂತು, ಬಾಯಿಯ ಕೊನೆಯಿಂದ ನಡುಗತೊಡಗಿತು, ಅವನು ಗುಂಡಿ ಒತ್ತಿದ, ಟಕ್, ಹೆಬ್ಬೆರಳು ಲಿವರ್ ಹುಡುಕಿ ನುಣ್ಣನೆಯ ಪ್ಲಾಸ್ಟಿಕ್ಕಿನ ಮೇಲೆ ಜಾರಿತು, ಕ್ಯಾಮೆರಾದ ಬೆನ್ನ ಮೇಲಿನ ಪರದೆಯಲ್ಲಿ ಆಗಲೇ ಫೋಟೋ ಬಂದಿದೆ, ನಾಳೆ ಸಂಜೆಯ ತನಕ ಕಾಯುವುದೂ ಇಲ್ಲ. ಪ್ಯಾಕ್ ಮಾಡ್ಲಾ ಸರ್? ಅಪ್ಪಾ, ಬೇಡ ಅಂದ್ರೆ ಬೇಡ, ಏಳು, ಮನೆಗೆ ಹೋಗೋಣ. ಕಟ್ಟು, ಎಂದ ಅವನು, ಬೇರೆ ಯಾರೂ ಹಿಡಿಯೋದು ಬೇಡ, ಕಟ್ಟು. ಆದರೆ ಕ್ಯಾಮೆರಾ ಕೊಡಲಿಲ್ಲ, ಅಂಗಡಿಯವನು ತೋರಿಸಿದ್ದ ಗುಂಡಿ ಒತ್ತಿ ಫೋಟೋ ದೊಡ್ಡದು ಮಾಡಿದ, ಮಗಳ ಮುಖ ದಾಟಿ ಎಡಕ್ಕೆ ಸರಿದ, ಕಿವಿ, ಡಬ್ಬ, ಚೀಲದ ಪಟ್ಟಿ, ಇನ್ನೂ ಎಡಕ್ಕೆ, ಅಂಚು, ಇನ್ನು ಮುಂದಕ್ಕೆ ಹೋಗುತ್ತಿಲ್ಲ, ಒತ್ತಿದ, ಹೋಗುತ್ತಿಲ್ಲ, ಬರೀ ಅಂಚು, ನಾಲ್ಕು ಬೆರಳು, ದಾರ ಸುತ್ತಿದ ಉಂಗುರ, ಒತ್ತಿದ, ಅಂಚು, ನಾಲ್ಕು ಬೆರಳು