ಕೋಟಿನ ಒಳಜೇಬು

ರೇವಮ್ಮ ಗಂಡನ ಕೋಟಿನ ಒಳಜೇಬಿಗೆ ಕೈಹಾಕಿದಾಗ ಭಜನೆಯವರ ತಾಳ ತಾನಾಗಿಯೇ ನಿಂತಿತು. ಗೋಡೆಗೆ ಆನಿಸಿ ಕೂರಿಸಿದ್ದ ಕಂಪೌಂಡರ್ ಸಾಯಬಣ್ಣನ ಮೈತುಂಬ ಬೀರೋಬಾ ದೇವರ ಭಂಡಾರ, ಅರಿಸಿನದ ಪುಡಿ. ಬೆಳಿಗ್ಗೆ ಆ ಕರಿ ಕೋಟು ತೊಟ್ಟು ಚಹಾಕ್ಕೆ ಕೂತವನು ಏಳಲೇ ಇಲ್ಲ. ಅವನಿಗೆ ಪ್ರೀತಿಯದೆಂದು ಮೀಯಿಸಿದ ಮೇಲೆ ಅದನ್ನೇ ತೊಡಿಸಿದ್ದರು.

"ಭಂಡಾರ ಬಿದ್ದ ಮ್ಯಾಲ ಮೈಮ್ಯಾಲಿಂದು ಏನೂ ತಗೀಬಾರ್ದವ್ವ," ಎಂದ ಹಿರಿಯ ಅಮೋಗಸಿದ್ಧ.

"ಒಳಗ ತುಳಜಾನ ದವಾಖಾನಿ ಕಾಗದ ಅದರಿ ಕಾಕಾ. ನಿನ್ನಿ ಸೊಲ್ಲಾಪುರದಿಂದ ತಂದಿದ್ರು. ಡಾಕ್ಟರಸಾಹೇಬ್ರು ಊರಾಗ ಇದ್ದಿದ್ದಿಲ್ಲ."

ತುಳಜಾಬಾಯಿ ಅಮೋಗಸಿದ್ಧನ ಮಗಳೇ, ಎದೆಬೇನೆಯವಳು. ಮಧ್ಯಾಹ್ನದ ಗುಳಿಗೆ ನುಂಗಲೋ ಬೇಡವೋ ಎಂದು ಆಗಿನಿಂದ ಕೇಳುತ್ತಿದ್ದಳು. ಅಕ್ಕಲಕೋಟೆಯಿಂದ ಈಗಷ್ಟೇ ಬಂದಿದ್ದ, ಸಾಯಬಣ್ಣ ಕಂಪೌಂಡರಾಗಿದ್ದ ವಾಗದರಿ ದವಾಖಾನೆಯ ರಾಚಪ್ಪ ಡಾಕ್ಟರಿಗೂ, ಸೊಲ್ಲಾಪುರದ ದೊಡ್ಡ ಡಾಕ್ಟರು ಏನು ಬರೆದಿದ್ದಾರೆಂದು ತಿಳಿಯದು. ಅಮೋಗಸಿದ್ಧ ತಲೆ ತಗ್ಗಿಸಿದ.

*

ಎಪ್ಪತ್ತೆರಡನೇ ಇಸವಿಯಲ್ಲಿ ಮಗಳನ್ನು ಸೊಲ್ಲಾಪುರದ ದವಾಖಾನೆಯಿಂದ ಕರೆತಂದಾಗ, ಅಲ್ಲಿ ಕೊಟ್ಟ ಕಾಗದವನ್ನು ಅಮೋಗಸಿದ್ಧ ದೇವರ ಮಾಡದಲ್ಲಿಟ್ಟು, ಭಂಡಾರ ಹಚ್ಚಿ, ದಿನಾ ಕೈಮುಗಿಯುತ್ತಿದ್ದ. ಮಗಳನ್ನು ಉಳಿಸಿದ ಕಾಗದ ತಾನೇ! ಅದನ್ನು ರಾಚಪ್ಪ ಡಾಕ್ಟರಿಗೆ ತೋರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ತಿಂಗಳ ಮೇಲೆ ಹುಡುಗಿ ತಲೆತಿರುಗಿ ಬಿದ್ದಾಗ, ಸಾಯಬಣ್ಣನೇ ಮಾಡಕ್ಕೆ ಕೈಹಾಕಿ ಕಾಗದ ತೆಗೆದು ಡಾಕ್ಟರಿಗೆ ಒಯ್ದುಕೊಟ್ಟ.

ಅಂದಿನಿಂದ ಅವನು ಊರಿನ ಒಂದು ಕಾಗದವನ್ನೂ ಬೇರೆಯವರ ಕೈಗೆ ಬಿಡಲಿಲ್ಲ. ಎಸ್‌ಟಿ ಬಸ್ಸು ಹಿಡಿದು ತಾನೇ ಒಯ್ಯುತ್ತಿದ್ದ, ತಾನೇ ತರುತ್ತಿದ್ದ. ಡಾಕ್ಟರು ಕೊನೆಯ ಸಾಲು ಓದುವ ತನಕ ಬಾಗಿಲಲ್ಲಿ ಕಂಬದ ಹಾಗೆ ನಿಂತಿರುತ್ತಿದ್ದ. ಡಾಕ್ಟರು ರೇಗಿ, "ಓದೀನಪಾ, ಇನ್ನ ಹೋಗು," ಅಂದರೇ ಹೊರಡುತ್ತಿದ್ದ. ಆಗ ಅವನ ಮುಖದಲ್ಲಿ ಹೊಟ್ಟೆತುಂಬ ಉಂಡವನ ಸುಖ ಇರುತ್ತಿತ್ತು.

*

"ತಗೀ ಅವ್ವ," ಎಂದ ಅಮೋಗಸಿದ್ಧ. "ದೇವರ ಮಾಡದಾಗಿಂದ ತಗದಾಂವ ಅಂವ. ನಾವು ತಗದ್ರ ಬ್ಯಾಡ ಅಂತಾನೇನು?"

ಕಾಗದದ ಅಂಚಿಗೆ ಭಂಡಾರ ಹತ್ತಿತ್ತು. ರಾಚಪ್ಪ ಡಾಕ್ಟರು ಅಲ್ಲೇ ನಿಂತು ಓದತೊಡಗಿದರು.

"ತುಳಜಾ, ಆ ಗುಳಿಗಿ ಇವತ್ತಿಂದ ಬಂದ್. ನಾಡಿ ಭಾಳ ನಿಧಾನ ಆಗ್ಯಾದ."

ತುಳಜಾಬಾಯಿ ಸೆರಗಿನ ಗಂಟು ಬಿಚ್ಚಿ ಗುಳಿಗೆಯನ್ನು ಅವರ ಅಂಗೈಗೆ ಹಾಕಿದಳು. ಹೊರುವವರು ಮುಂದೆ ಬಂದರು. ಡಾಕ್ಟರು ಕೈಯೆತ್ತಿ ತಡೆದರು. ಇನ್ನೂ ಅರ್ಧ ಪುಟ ಇತ್ತು. ಯಾರೂ ಅವಸರ ಮಾಡಲಿಲ್ಲ. ಕೊನೆಯ ಸಾಲಿನವರೆಗೆ ಓದಿ, ಮಡಚಿ, ಅವರು ಸಾಯಬಣ್ಣನ ಕಡೆ ತಿರುಗಿದರು.

"ಓದೀನಪಾ," ಎಂದರು. "ಇನ್ನ ಹೋಗು."

ರೇವಮ್ಮ ಅಳುತ್ತಲೇ ನಕ್ಕಳು. ಬಗ್ಗಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಆಮೇಲೆ ಎತ್ತಿದರು.