ಹದಿಮೂರು ಮಂದಿ ಕೂರುವ ಮನೆ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಆದರೆ ನನ್ನ ಹೊಟ್ಟೆಪಾಡು ಬೇರೆಯವರನ್ನು ಕೂರಿಸುವುದು. ಚಾಮರಾಜನಗರದ ಒಂದು ಸೋಫಾ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. 'ಒರಗಿ ನೋಡಿ ಮೇಡಂ, ಕಾಲು ಚಾಚಿ ನೋಡಿ ಸಾರ್' ಎಂದು ದಿನಕ್ಕೆ ನೂರು ಸಲ ಹೇಳುತ್ತೇನೆ. ಈಗ ಲಕ್ಷುರಿ ಎಂದರೆ ಚಿನ್ನದ ಬಣ್ಣದ ಕಾಲು, ಕೆಂಪು ವೆಲ್ವೆಟ್, ಗಾಜಿನ ಕುದುರೆ ಅಲ್ಲ. ಮಿಂಚು ಕಮ್ಮಿ, ಮೆತ್ತಗೆ ಜಾಸ್ತಿ. ಒಗೆದಷ್ಟೂ ಹದವಾಗುವ ಬಟ್ಟೆ, ಕಣ್ಣಿಗೆ ಚುಚ್ಚದ ಬಣ್ಣ, ಮೂಲೆಯಲ್ಲೊಂದು ಬೆತ್ತದ ಕುರ್ಚಿ. ಬಂದವರು ಕೂತ ಕೂಡಲೇ ಬಾಯಿಂದ 'ಉಸ್ಸಪ್ಪಾ' ಬರಬೇಕು. ಬಂದರೆ ಮನೆ ಗೆದ್ದಿತು ಎಂದು ನನ್ನ ನಂಬಿಕೆ.

ಈ ನಂಬಿಕೆಯನ್ನು ತವರು ಭೀಮನಬೀಡಿಗೆ ಹೊತ್ತುಕೊಂಡು ಹೋದದ್ದು ತಮ್ಮನಿಗಾಗಿ. ಸುಧಾಕರನಿಗೆ ಮೂವತ್ತನಾಲ್ಕು. ಬಿ.ಎ. ಮಾಡಿದ್ದಾನೆ, ಕುಡಿಯುವುದಿಲ್ಲ, ಅರಿಶಿನ ಬೆಳೆಯುವುದರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಅವನನ್ನು ಮೀರಿಸುವವರು ಕಮ್ಮಿ. ಆದರೆ ಹುಡುಗ ಬೇಸಾಯ ಮಾಡುತ್ತಾನೆ ಎಂದ ಕೂಡಲೇ ಹೆಣ್ಣಿನ ಕಡೆಯವರು ಫೋನ್ ಇಟ್ಟುಬಿಡುತ್ತಾರೆ. ಪೇಟೆಯಲ್ಲಿ ತಿಂಗಳ ಸಂಬಳದ ವಾಚ್‌ಮನ್‌ಗೆ ಕೊಟ್ಟಾರು, ನಾಲ್ಕು ಎಕರೆ ನೀರಾವರಿ ಇರುವವನಿಗೆ ಕೊಡುವುದಿಲ್ಲ. ಒಂಬತ್ತು ಸಂಬಂಧ ಹೀಗೇ ತಪ್ಪಿತ್ತು. ಅಪ್ಪ ಇಲ್ಲ, ಹಾಗಾಗಿ ಓಡಾಟವೆಲ್ಲ ನನ್ನದೇ. ಹತ್ತನೆಯದು ಸಂತೆಮರಹಳ್ಳಿಯ ಸಂಬಂಧ. ಹುಡುಗಿ ಮೇಘನಾ, ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ಫೋಟೋ ನೋಡಿ ಬೇಡವೆನ್ನಲಿಲ್ಲ, ಬರುವ ಭಾನುವಾರ ಮನೆ ನೋಡಲು ಬರುತ್ತೇವೆ ಎಂದರು. 'ಇದೂ ತಪ್ಪಿದರೆ ಇನ್ನು ನನಗೆ ಹೆಣ್ಣು ಹುಡುಕಬೇಡ' ಎಂದು ಸುಧಾಕರ ಹೇಳಿಬಿಟ್ಟಿದ್ದ. ಅವನು ಹೇಳಿದರೆ ಹೇಳಿದ್ದೇ.

ಅಂದಿನಿಂದ ನನಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಒಂಬತ್ತು ಸಂಬಂಧ ತಪ್ಪಿದ್ದಕ್ಕೆ ಕಾರಣ ತಮ್ಮನಲ್ಲ, ನಮ್ಮ ಮನೆ ಎಂದು ನಾನು ತೀರ್ಮಾನಿಸಿದೆ. ಅದು ಮನೆಯಲ್ಲ, ಗೋದಾಮು. ನಡುಮನೆಯ ತುಂಬ ಅರಿಶಿನದ ಮೂಟೆ, ಗೋಡೆಗೊಂದು ಹಗ್ಗದ ಮಂಚ, ಬಾಗಿಲಲ್ಲಿ ಔಷಧಿ ಹೊಡೆಯುವ ಡ್ರಮ್ಮು. ಹಿತ್ತಲಲ್ಲಿ ನಾಲ್ಕು ಹಸು, ಅವುಗಳ ಪಕ್ಕ ಆಳೆತ್ತರದ ತಿಪ್ಪೆ. ಟೀಚರಮ್ಮ ಇದನ್ನು ನೋಡಿದರೆ ಬಂದ ಬಸ್ಸಿಗೇ ಹತ್ತುತ್ತಾಳೆ. ಒಂದು ವಾರ ರಜೆ ಹಾಕಿ ಊರಿಗೆ ಹೋದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಾನು ಎರಡನ್ನೂ ಒಂದೇ ವಾರದಲ್ಲಿ ಮಾಡಿ ಮುಗಿಸಲು ಹೊರಟಿದ್ದೆ.

ಮೂಟೆಗಳು, ಮಂಚ, ಡ್ರಮ್ಮು ಎಲ್ಲವೂ ಎದುರುಮನೆಯ ಮೂಗಯ್ಯ ಮಾವನ ಕೊಟ್ಟಿಗೆಗೆ ಹೋದವು. ಗೋಡೆಗೆ ಹೊಸ ಬಣ್ಣ ಬಂತು. ಅವ್ವ ಗುರುಮಲ್ಲಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಇದ್ಯಾವ ಬಣ್ಣಮ್ಮಿ? ನೆನೆಸಿಟ್ಟ ಅವಲಕ್ಕಿ ಇದ್ದಂಗದೆ."

"ಕಣ್ಗೆ ತಂಪು ಕಣವ್ವ."

"ಗ್ವಾಡೆ ತಂಪಾದ್ರೆ ಎಣ್ಣು ಬಂದದಾ?" ಎಂದು ನಕ್ಕು ಒಳಗೆ ಹೋದಳು.

ತಿಪ್ಪೆಯ ವಿಷಯಕ್ಕೆ ಮಾತ್ರ ಸುಧಾಕರ ತಿರುಗಿಬಿದ್ದ. "ಅಕ್ಕ, ಅದೇನ್ ಮಾಡ್ತು ನಿಂಗೆ? ಬೇಸ್ಗೇಲಿ ಹೊಲ್ಕೆ ಹಾಕ್ಬೇಕು ಅಂತ ಇಟ್ಟಿವ್ನಿ."

"ಈಗ್ಲೇ ಹಾಕ್ಬುಡು. ನೊಣ, ವಾಸ್ನೆ. ಬರೋದು ಟೀಚರಮ್ಮ ಕಣ್ಲಾ."

ಜೆಸಿಬಿ ತರಿಸಿದೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ವರ್ಷವೆಲ್ಲ ಬೆಳೆದ ತಿಪ್ಪೆ ಅರ್ಧ ದಿನದಲ್ಲಿ ಟ್ರ್ಯಾಕ್ಟರ್ ಹತ್ತಿ ಹೊಲ ಸೇರಿತು. ಅದರ ಪಕ್ಕದಲ್ಲಿದ್ದ ಚಪ್ಪಡಿ ಕಲ್ಲನ್ನೂ ಕೀಳಿಸಿದೆ. ಅಲ್ಲಿ ಕೆಂಪು ಹೆಂಚು ಹಾಸಿ, ಕುಂಡಗಳನ್ನು ಜೋಡಿಸಿ, ಎರಡು ಬೆತ್ತದ ಕುರ್ಚಿ ಇಟ್ಟೆ. ಶನಿವಾರ ಹಸುಗಳೂ ಮಾವನ ಕೊಟ್ಟಿಗೆಗೆ ಹೋದವು. ಸುಧಾಕರ ಅವುಗಳನ್ನು ಹೊಡೆದುಕೊಂಡು ಹೋಗುವಾಗ ನನ್ನ ಮುಖ ನೋಡಲಿಲ್ಲ. ಕೋಪ ಇಳಿಯುತ್ತದೆ, ಹೆಂಡತಿ ಬಂದರೆ ಎಲ್ಲವೂ ಇಳಿಯುತ್ತದೆ ಎಂದುಕೊಂಡೆ.

ನಡುಮನೆಗೆ ಸೋಫಾ, ದಿವಾನ, ಬೆತ್ತದ ಕುರ್ಚಿ ಎಲ್ಲ ಅಂಗಡಿಯಿಂದಲೇ ಬಂದವು. ಹಾಲಿನ ಕೆನೆಯ ಬಣ್ಣದ ಬಟ್ಟೆ, ನೆಲಕ್ಕೆ ತಾಗುವ ತೆಳು ಪರದೆ. ಸಂಜೆ ಲೆಕ್ಕ ಹಾಕಿದೆ: ಹದಿಮೂರು ಮಂದಿ ಆರಾಮಾಗಿ ಕೂರಬಹುದು. ಅಷ್ಟು ಹೊತ್ತಿಗೆ ಅವ್ವ ಹೊಲದಿಂದ ಬಂದಳು. ಅರಿಶಿನ ಬೇಯಿಸುವ ಕಾಲ, ಅವಳ ಕೈ, ಕಾಲು, ಸೆರಗು ಎಲ್ಲ ಹಳದಿ. ಬಗ್ಗಿ ದಿಂಬನ್ನು ಮುಟ್ಟಲು ಹೋದಳು.

"ಅವ್ವಾ! ಮುಟ್ಬ್ಯಾಡ, ಕಲೆ ಆಯ್ತದೆ!"

ನಾನು ಕಿರುಚಿದ ರಭಸಕ್ಕೆ ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಅರಿಶಿನ ಹತ್ಕಂಡ್ರೆ ಹೋಗಕಿಲ್ಲ ಕಣವ್ವ. ಅವ್ರು ಬಂದು ಹೋಗೋಗಂಟ ಇದ್ರ ಮ್ಯಾಲೆ ಕೂರ್ಬ್ಯಾಡ."

"ಅಷ್ಟೇ ತಾನೆ, ಬುಡು," ಎಂದಳು.

ಭಾನುವಾರ ಏಳು ಮಂದಿ ಬಂದರು. ಮುಂದೆ ಹುಡುಗಿಯ ತಾತ ಚಿಕ್ಕಯ್ಯ, ಬಿಳಿ ಪಂಚೆ, ಕೈಯಲ್ಲಿ ಊರುಗೋಲು. ಹಿಂದೆ ಅವಳ ತಾಯಿ ಕುಮಾರಿ, ಮಾವಂದಿರು. ಈಗಿನ ಕಾಲದ ಹುಡುಗಿ, ಮೇಘನಾ ತಾನೂ ಬರುತ್ತೇನೆ ಎಂದು ಹೊರಟು ಬಂದಿದ್ದಳು. ನಮ್ಮ ಕಡೆ ಇಂಥ ದಿನ ಬಾಯಲ್ಲಿ ಏನೂ ಹೇಳುವುದಿಲ್ಲ. ಸಂಬಂಧ ಹಿಡಿಸಿದರೆ ಸಿಹಿ ತಿನ್ನುತ್ತಾರೆ. ಹಿಡಿಸದಿದ್ದರೆ 'ಈಗ ತಾನೆ ತಿಂದ್ಕಂಡು ಬಂದೊ' ಎಂದು ನೀರು ಕುಡಿದು ಎದ್ದುಬಿಡುತ್ತಾರೆ. ಒಳಗೆ ಕೇಸರಿಬಾತು ಬಿಸಿಯಾಗಿತ್ತು. ನನ್ನ ಕಾಲು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪರದೆ ಸರಿ ಮಾಡಿದೆ, ದಿಂಬು ತಟ್ಟಿದೆ, ಸರಿಯಾಗಿದ್ದ ಪರದೆಯನ್ನು ಮತ್ತೆ ಸರಿ ಮಾಡಿದೆ.

ಚಿಕ್ಕಯ್ಯ ಸೋಫಾದ ಮೇಲೆ ಕೂತರು. ಕೂತವರು ಹಾಗೇ ಒಳಗೆ ಇಳಿದುಹೋದರು. ಮೊಣಕಾಲು ಎದೆಯ ಮಟ್ಟಕ್ಕೆ ಬಂತು. 'ಉಸ್ಸಪ್ಪಾ' ಬರಲಿಲ್ಲ, 'ಅಯ್ಯಯ್ಯೋ' ಬಂತು. "ಎತ್ಲಾ ನನ್ನ, ಬಾವೀಗ್ ಬಿದ್ದಂಗಾಯ್ತು," ಎಂದು ಅವರು ಕೈಚಾಚಿದರೆ ಸುಧಾಕರ ಓಡಿಬಂದು ಎಳೆದ. ಮಾವಂದಿರು ಅದನ್ನು ನೋಡಿ ಸೋಫಾದ ತುದಿಯಲ್ಲಿ ಹಕ್ಕಿಗಳ ಹಾಗೆ ಕೂತರು. ಮೇಘನಾ ಒಬ್ಬಳೇ ಬೆತ್ತದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ದಿಂಬನ್ನು ಮಡಿಲಲ್ಲಿಟ್ಟುಕೊಂಡು ಅದರ ನೇಯ್ಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಅದನ್ನು ಕಂಡು ನನಗೆ ಕುಣಿಯುವಷ್ಟು ಖುಷಿಯಾಯಿತು.

ಎದ್ದ ಚಿಕ್ಕಯ್ಯ ಮತ್ತೆ ಕೂರಲಿಲ್ಲ. ಊರುಗೋಲು ಊರುತ್ತ ನೇರ ಹಿತ್ತಲಿಗೆ ನಡೆದರು. ನಾನು ಹಿಂದೆಯೇ ಓಡಿದೆ. ಅವರು ಕುಂಡ ನೋಡಿದರು, ಹೆಂಚು ನೋಡಿದರು, ಆಚೆ ನೋಡಿದರು, ಈಚೆ ನೋಡಿದರು.

"ತಿಪ್ಪೆ ಎಲ್ಲಮ್ಮಿ?"

ಹಳೆಯ ಕಾಲದವರು ಹೆಣ್ಣು ಕೊಡುವ ಮುಂಚೆ ತಿಪ್ಪೆ ನೋಡುತ್ತಿದ್ದರು. ತಿಪ್ಪೆ ದೊಡ್ಡದಿದ್ದರೆ ದನ ಉಂಟು, ದನ ಇದ್ದರೆ ಬೇಸಾಯ ಉಂಟು, ಬೇಸಾಯ ಇದ್ದರೆ ಮಗಳಿಗೆ ಅನ್ನ ಉಂಟು. ಚಿಕ್ಕವಳಿದ್ದಾಗ ಕೇಳಿದ್ದ ಈ ಲೆಕ್ಕ ನನಗೆ ಮರೆತೇಹೋಗಿತ್ತು.

"ಇಲ್ಲ ತಾತ, ಈಗ ಅದೆಲ್ಲ ಇಟ್ಕಂಡಿಲ್ಲ."

"ದನ?"

"ದನಾನೂ ಇಲ್ಲ. ಹಾಲು ಪಾಕೀಟ್ದು." ಮೊಮ್ಮಗಳಿಗೆ ಸಗಣಿ ಬಾಚುವ ಕೆಲಸ ಇಲ್ಲವೆಂದು ಅವರು ಸಂತೋಷಪಡಲಿ ಎಂದು ಹೇಳಿದ ಸುಳ್ಳು ಅದು.

ಚಿಕ್ಕಯ್ಯ ಊರುಗೋಲಿನಿಂದ ಹೆಂಚನ್ನು ಕುಟ್ಟಿದರು. "ದನ ಇಲ್ಲ, ತಿಪ್ಪೆ ಇಲ್ಲ, ಅಟ್ಟೀಲಿ ಒಂದ್ ಮೂಟೆ ಇಲ್ಲ. ಅಂಗಾರೆ ಜಮೀನು ಮಾರ್ಬುಟ್ಟು ಈ ಮೆತ್ತೆ ತಂದವ್ರೆ. ನಡೀರ್ಲಾ, ಓಗನ."

ಮಾವಂದಿರು ಎದ್ದೇಬಿಟ್ಟರು. ಆಗ ಸುಧಾಕರ ಅಡ್ಡ ಬಂದ. ನನ್ನ ಕಡೆ ನೋಡದೆ, "ತಾತ, ನಮ್ಮಕ್ಕ ಸುಳ್ ಹೇಳ್ಬುಟ್ಲು. ಬನ್ನಿ," ಎಂದು ಅವರ ಕೈ ಹಿಡಿದ. ಎದುರುಮನೆಯ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹಸುಗಳನ್ನು ತೋರಿಸಿದ, ಮೂಟೆ ತೋರಿಸಿದ, ಅಲ್ಲಿಂದ ಹೊಲಕ್ಕೆ ಹೋಗಿ ಹರಡಿದ್ದ ಗೊಬ್ಬರವನ್ನೂ ತೋರಿಸಿದ. ಗಂಡಸರೆಲ್ಲ ಹೋಗಿ ಬರಲು ಒಂದು ಗಂಟೆಯಾಯಿತು. ಅಷ್ಟು ಹೊತ್ತು ನಾನು ಮುಂಬಾಗಿಲಿಗೂ ಹಿಂಬಾಗಿಲಿಗೂ ಅಲೆದೆ. ಕುಮಾರಿ ಸೀರೆಯ ಅಂಚನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ಅವ್ವ ಕಾಫಿ ತಂದಳು, ಲೋಟ ತೆಗೆದಳು, ಮತ್ತೆ ನೀರು ತಂದಳು. ಮೇಘನಾ "ನೀವೂ ಕೂತ್ಕೊಳಿ ಅಮ್ಮ" ಎಂದಳು. "ಇರ್ಲಿ ಕಣವ್ವ" ಎಂದು ಅವ್ವ ಗೋಡೆಗೆ ಸರಿದಳು. ಹುಡುಗಿ ಸಂಭಾವಿತಳು ಎಂದು ನನಗೆ ಅವಳ ಮೇಲೆ ಇನ್ನಷ್ಟು ಆಸೆಯಾಯಿತು.

ಚಿಕ್ಕಯ್ಯ ಕಾಲಿಗೆ ಮಣ್ಣು ಮೆತ್ತಿಕೊಂಡು, ಮುಖ ಅರಳಿಸಿಕೊಂಡು ಬಂದರು. "ಅಲ್ಲ ಕಣಮ್ಮಿ, ಲಕ್ಸ್ಮೀನ ತಕ್ಕೋಗಿ ಎದ್ರುಮನೇಲಿ ಬಚ್ಚಿಟ್ಟಿದ್ದೀಯಲ್ಲ, ನಿಂಗೆ ಬುದ್ಧಿ ಅದಾ?" ಎಂದು ನನ್ನನ್ನು ಬೈದರು. ಬೈದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಹೋದ ಮೇಲೆ ಸುಧಾಕರ ವಾರದಲ್ಲಿ ಮೊದಲ ಸಲ ನನ್ನನ್ನು ನೋಡಿ ನಕ್ಕ. ಹೊಸ ಅಂಗಿ ಬಿಚ್ಚದೆ ಸಂಜೆಯವರೆಗೂ ತಿರುಗಾಡಿದ.

ಸೋಮವಾರ ಬೆಳಿಗ್ಗೆ ನಾನು ಚಾಮರಾಜನಗರಕ್ಕೆ ಹೊರಡಲು ಬ್ಯಾಗು ತುಂಬುತ್ತಿದ್ದಾಗ ಫೋನ್ ಬಂತು. ಮೇಘನಾ.

"ಅಕ್ಕ, ನಮ್ಮನೇಲಿ ಎಲ್ರೂ ಒಪ್ಪಿದಾರೆ. ನಾನು ಒಪ್ಲಿಲ್ಲ. ಬೇರೆಯವ್ರ ಬಾಯಿಂದ ಗೊತ್ತಾಗೋದು ಬ್ಯಾಡ ಅಂತ ನಾನೇ ಫೋನ್ ಮಾಡ್ದೆ."

"ಯಾಕಮ್ಮ? ಮನೆ ಹಿಡಿಸ್ಲಿಲ್ವಾ? ಹಸು ವಿಷ್ಯಾನಾ?"

"ಮನೆ ತುಂಬ ಚೆನ್ನಾಗಿದೆ. ಆ ಕುರ್ಚೀಲಿ ಕೂತಾಗ ಏಳಕ್ಕೇ ಮನಸ್ಸಾಗ್ಲಿಲ್ಲ. ನಿಮ್ಮ ತಮ್ಮನ ಮೇಲೂ ನಂಗೇನೂ ಇಲ್ಲ, ನಿಜ ಹೇಳಿದ್ರಲ್ಲ." "ಅಕ್ಕ, ನಾವು ಬಂದಾಗಿಂದ ಹೋಗೋವರೆಗೂ ನಿಮ್ಮಮ್ಮ ನಿಂತೇ ಇದ್ರು. ಅಷ್ಟೊಂದು ಜಾಗ ಖಾಲಿ ಇತ್ತು. ಕೂತ್ಕೊಳಿ ಅಂದಾಗ ಅವ್ರು ನಿಮ್ಮ ಮುಖ ನೋಡಿದ್ರು, ಆಮೇಲೆ ಇರ್ಲಿ ಅಂದ್ರು. ನೀವು ಕೂರಿಸ್ಲಿಲ್ಲ, ನಿಮ್ಮ ತಮ್ಮಾನೂ ಕೂರಿಸ್ಲಿಲ್ಲ. ಇವತ್ತು ಅವ್ರು ನಿಂತಿರೋ ಜಾಗದಲ್ಲಿ ನಾಳೆ ನಾನು ನಿಂತಿರ್ತೀನಿ ಅಲ್ವಾ?"

ಅವಳು ಫೋನ್ ಇಟ್ಟಳು.

ಮೊದಲು ಬಂದದ್ದು ಸಿಟ್ಟು. ಮನೆ ನೋಡಲು ಬಂದವಳಾ, ಪರೀಕ್ಷೆಗೆ ಮಾರ್ಕ್ಸ್ ಹಾಕಲು ಬಂದವಳಾ? ಬ್ಯಾಗಿನ ಜಿಪ್ಪು ಎಳೆದೆ, ತೆಗೆದೆ, ಎಳೆದೆ. ಆಮೇಲೆ ನಡುಮನೆಯ ಮಧ್ಯೆ ನಿಂತು ಸುತ್ತ ನೋಡಿದೆ. ಅವ್ವ ಮಧ್ಯಾಹ್ನ ಒರಗುತ್ತಿದ್ದದ್ದು ಅರಿಶಿನದ ಮೂಟೆಗೆ. ಸಂಜೆ ಸೊಪ್ಪು ಸೋಸುತ್ತಿದ್ದದ್ದು ಹಗ್ಗದ ಮಂಚದ ಮೇಲೆ. ಹಾಲು ಕರೆದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದದ್ದು ಆ ಚಪ್ಪಡಿ ಕಲ್ಲಿನ ಮೇಲೆ. ಒಂದೊಂದಾಗಿ ಮೂರನ್ನೂ ನಾನೇ ಎತ್ತಿಸಿದ್ದೆ. ಹದಿಮೂರು ಮಂದಿಗೆ ಜಾಗ ಮಾಡುವ ಭರದಲ್ಲಿ ನನ್ನ ತಾಯಿಗಿದ್ದ ಜಾಗವನ್ನೂ ಕಿತ್ತುಹಾಕಿದ್ದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಹೊರಗೆ ಸುಧಾಕರ ಮತ್ತು ಅವ್ವ ಬೇಯಿಸಿದ ಅರಿಶಿನವನ್ನು ಕಣದಲ್ಲಿ ಹರಡುತ್ತಿದ್ದರು. ಹುಡುಗಿಗೆ ಹಸು, ಸಗಣಿ ಬೇಡವಂತೆ ಎಂದು ಹೇಳಿಬಿಡಬಹುದಿತ್ತು. ಇಬ್ಬರೂ ನಂಬುತ್ತಿದ್ದರು, ಒಂಬತ್ತರ ಜೊತೆಗೆ ಇದು ಹತ್ತನೆಯದು ಎಂದು ಮರೆಯುತ್ತಿದ್ದರು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವ್ವನ ಹಳದಿ ಕೈ ಕಂಡು ನನ್ನಿಂದ ಆಗಲಿಲ್ಲ. ಹುಡುಗಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ.

ಸುಧಾಕರ ಕೈಯಲ್ಲಿದ್ದ ಮಂಕರಿಯನ್ನು ಕೆಳಗಿಟ್ಟ. "ಅವ್ವ ನನ್ ಮುಂದ್ಗಡೇನೇ ನಿಂತಿದ್ಲು ಕಣಕ್ಕ," ಎಂದ. "ನಂಗೆ ಕಾಣ್ಲೇ ಇಲ್ಲ."

"ಅವ್ವ, ಬಾ, ಒಳಿಕ್ ಬಂದು ಕೂತ್ಕ," ಎಂದು ಅವಳ ತೋಳು ಹಿಡಿದೆ. "ಕಲೆ ಆದ್ರೆ ಆಗ್ಲಿ."

ಅವ್ವ ಬರಲಿಲ್ಲ. ನನ್ನ ಕೈಯನ್ನು ಮೆತ್ತಗೆ ಬಿಡಿಸಿಕೊಂಡು ಅರಿಶಿನ ಹರಡುತ್ತಲೇ ಮಾತಾಡಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

"ನನ್ ಕೊಡಕ್ ಮುಂಚೆ ನಮ್ಮಪ್ಪನೂ ಈ ಅಟ್ಟಿ ನೋಡಕ್ ಬಂದಿದ್ದ. ತಿಪ್ಪೆ ನೋಡ್ದ, ದನ ನೋಡ್ದ, ಪಾಯ್ಸ ಉಂಡ್ಕಂಡು ಒಪ್ಕಂಡು ಬಂದ. ನಮ್ಮತ್ತೆ ಕೂತಿದ್ಲಾ ನಿಂತಿದ್ಲಾ ಅಂತ ಯಾರೂ ನೋಡ್ನಿಲ್ಲ." ಒಂದು ಹಿಡಿ ಅರಿಶಿನವನ್ನು ಬಿಸಿಲಿಗೆ ಸರಿಸಿದಳು. "ಆ ಎಣ್ಮಗ ನೋಡ್ತು. ಅದು ಬರ್ನಿಲ್ಲ ಅಂತ ನೀವ್ ಅಳಬ್ಯಾಡಿ. ಬರ್ದೆ ಇದ್ದುದ್ದೇ ಅದ್ಕೆ ಒಳ್ಳೇದಾಯ್ತು ಬುಡಿ."