ಮಾಳಿಗೆಗೆ ಹಾಕಿದ ಬೂದಿ

ಸಂತೆಕಲ್ಲೂರಿನ ಆಚೆಗಿರುವ ಆ ಊರಿನ ಅಂಗನವಾಡಿಗೆ ಸ್ವಂತ ಕಟ್ಟಡವಿಲ್ಲ. ಹತ್ತೊಂಬತ್ತು ಮಕ್ಕಳು ಗುಡಿಯ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದರು, ಮಳೆ ಬಂದರೆ ತಟ್ಟೆ ಹಿಡಿದು ಓಡುತ್ತಿದ್ದರು. ಅದು ಆರು ವರ್ಷದ ಗೋಳು.

ಕೊನೆಗೆ ಗಾಯರಾಣದಲ್ಲಿ ಕಟ್ಟೋಣ ಎಂದು ಪಂಚಾಯಿತಿ ಹೊರಟಿತು. ಗಾಯರಾಣ ಎಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಮೀನು. ಹತ್ತು ವರ್ಷದ ಹಿಂದೆ ಎಲ್ಲಿಂದಲೋ ಬಂದ ಒಬ್ಬ ಸಾವುಕಾರ ಅದರಲ್ಲಿ ಎರಡು ಎಕರೆ ಲೀಸಿಗೆ ಹಿಡಿದು, ಹಳೆ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಶೆಡ್ ಹಾಕಿದ್ದ. ಅದಕ್ಕೆ ಸಬ್ಸಿಡಿಯನ್ನೂ ನುಂಗಿದ. ಮೂರು ವರ್ಷದ ಹಿಂದೆ ಬೀಗ ಜಡಿದು ಪರಾರಿಯಾದ. ಉಂಡೂ ಹೋದ, ಕೊಂಡೂ ಹೋದ. ಊರಿಗೆ ಬಿಟ್ಟು ಹೋದದ್ದು ಶೆಡ್ಡಿನ ಹೊರಗಿನ ಬೂದಿಯ ಗುಡ್ಡೆಗಳನ್ನು ಮಾತ್ರ.

"ಖಾಲಿ ಬಿದ್ದೈತಿ, ಪುಕ್ಕಟ ಜಾಗ, ಅಲ್ಲೇ ಕಟ್ರಿ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಕುರಿ ಸಾಕುವ ಗ್ಯಾನಪ್ಪ. ಅವನಿಗೆ ಕಾರಣವಿತ್ತು. ಅವನ ನಾಲ್ಕು ವರ್ಷದ ಮೊಮ್ಮಗಳು ಅಮರೇಶ್ವರಿಯೂ ಆ ಗುಡಿಕಟ್ಟೆಯ ಮೇಲೆ ನೆನೆಯುತ್ತಿದ್ದಳು. ಅವಳಿಗೆ ಮೂರು ತಿಂಗಳಿಂದ ಹೊಟ್ಟೆನೋವು ಬೇರೆ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹುಳ ಎಂದರು, ದೃಷ್ಟಿ ಎಂದರು. ಅಜ್ಜಿ ಹೊನ್ನೂರಮ್ಮ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದ್ದೇ ಹಾಕಿದ್ದು. ಕೊನೆಗೆ ಆಶಾ ಕಾರ್ಯಕರ್ತೆ ಶಾಹೀಸ್ತಾ ಮಗುವನ್ನು ಲಿಂಗಸುಗೂರಿನ ಮಕ್ಕಳ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆಗೆ ಕೊಡಿಸಿದ್ದಳು.

ಅದರ ಕಾಗದ ಹಿಡಿದು ಅವಳು ಬಂದಾಗ ಗ್ಯಾನಪ್ಪ ಕುರಿಗಳಿಗೆ ನೀರಿಡುತ್ತಿದ್ದ.

"ಕಾಕಾ, ಕೂಸಿನ ರಕ್ತದಾಗ ಸೀಸ ಸಿಕ್ಕೈತಿ. ಭಾಳ ಐತಿ."

"ಕೂಸು ಸೀಸ ಎಲ್ಲಿ ತಿಂತೈತಿ? ಡಾಕ್ಟರಿಗೆ ಬ್ಯಾರೆ ಕೆಲಸ ಇಲ್ಲೇನು?"

"ಮನಿ ಹತ್ರ ಬ್ಯಾಟರಿ ಕರಗಸ್ತಾರೇನು ಅಂತ ಅವರೇ ಕೇಳಿದ್ರು. ಆ ಬೂದ್ಯಾಗ ಸೀಸ ಇರತೈತಿ. ಕಣ್ಣಿಗೆ ಕಾಣಂಗಿಲ್ಲ, ವಾಸನಿ ಇಲ್ಲ. ದೊಡ್ಡೋರಿಗೂ ಕೆಟ್ಟದ್ದೇ. ಸಣ್ಣ ಮಕ್ಕಳಿಗಂತೂ ಬುದ್ಧಿ ಬೆಳಿಯೋದನ್ನೇ ತಡೀತೈತಿ."

"ಶೆಡ್ ಎಲ್ಲೈತಿ, ನಮ್ಮ ಮನಿ ಎಲ್ಲೈತಿ? ಕೂಸು ಅಲ್ಲಿ ಕಾಲೇ ಇಟ್ಟಿಲ್ಲ."

ಹೊನ್ನೂರಮ್ಮ ಒಳಗೆ ಹೋಗಿ ಮೊಮ್ಮಗಳು ಹೊದೆಯುವ ಕೌದಿ ತಂದು ಇಬ್ಬರ ಮುಂದೆ ಹಿಡಿದಳು. ಅದರ ಮೇಲೆಲ್ಲ ಬೂದು ಬಣ್ಣದ ಸಣ್ಣ ದೂಳು.

"ದಿನಾ ಮುಂಜಾನೆ ಹಿಂಗೇ ಇರತೈತಿ. ಜಂತಿ ಸಂದ್ಯಾಗಿಂದ ಉದರತೈತಿ" ಎಂದಳು. "ಮಾಳಿಗಿಗೆ ಆ ಬೂದಿ ಹಾಕಿದ್ದು ನೀವೇ ಅಲ್ರೀ."

ಗ್ಯಾನಪ್ಪ ತಲೆಯೆತ್ತಿ ಮಾಳಿಗೆಯ ಕಡೆ ನೋಡಿದ. ಆ ಕಡೆ ಮಣ್ಣಿನ ಮಾಳಿಗೆಯ, ಎಂದರೆ ಜಂತಿಯ ಮೇಲೆ ಮಣ್ಣು ಬಡಿದ ಚಾವಣಿಯ, ಮನೆಗಳೇ ಹೆಚ್ಚು. ಮುಂಗಾರಿನ ಮಿರಗದ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯದಿದ್ದರೆ ಮನೆಯೆಲ್ಲ ಸೋರುತ್ತದೆ. ಹೋದ ವರ್ಷ ಗ್ಯಾನಪ್ಪ ಮಣ್ಣಿನ ಜೊತೆ ಶೆಡ್ಡಿನ ಬೂದಿ ಬೆರೆಸಿದ. ಬೂದಿ ನುಣ್ಣಗಿತ್ತು, ಗೆದ್ದಲು ಹತ್ತಿರ ಸುಳಿಯಲಿಲ್ಲ, ಒಂದು ಹನಿ ಸೋರಲಿಲ್ಲ. ಮೀಸೆ ತಿರುವಿಕೊಂಡು ಇಡೀ ಓಣಿಗೆ ಹೇಳಿಕೊಟ್ಟ. ಅವನ ಮಾತು ಕೇಳಿ ಹನ್ನೊಂದು ಮನೆಯವರು ಹಾಕಿಕೊಂಡರು.

ಅವನ ಸಿಟ್ಟು ನೆತ್ತಿಗೇರಿತು. ಬರಬೇಕಾದ ಸಿಟ್ಟೇ ಅದು.

"ಆ ಸಾವುಕಾರನ ಮನಿ ಹಾಳಾಗ. ಇದು ವಿಷ ಅಂತ ಒಂದು ಬೋರ್ಡ್ ಹಾಕಾಕ ಏನು ಧಾಡಿ ಆಗಿತ್ತು ಅವಂಗ? ಲೀಸ್ ಕೊಟ್ಟೋರು ಕಣ್ಣು ಮುಚ್ಕೊಂಡಿದ್ರೇನು? ನಾ ಈಗ್ಲೇ ಮಾಳಿಗಿ ಹತ್ತಿ ಎಲ್ಲಾ ಕೆರದು ಹಳ್ಳಕ್ಕ ಸುರೀತೀನಿ."

"ಹಳ್ಳದ ನೀರು ನಿನ್ನ ಕುರಿನೇ ಕುಡೀತಾವಲ್ಲ ಕಾಕಾ" ಎಂದಳು ಶಾಹೀಸ್ತಾ. "ಒಣಾ ಕೆರದ್ರ ಓಣಿ ತುಂಬ ದೂಳು ಹಾರತೈತಿ. ಮುಟ್ಟಬ್ಯಾಡ. ಕೂಸಿನ್ನ ಬ್ಯಾರೆ ಮನ್ಯಾಗ ಮಲಗಸ್ರಿ. ಕಸ ಹೊಡೀಬ್ಯಾಡ್ರಿ, ಒದ್ದಿ ಅರಬಿಲೆ ನೆಲ ಒರಸ್ರಿ. ಉಣ್ಣೂಕಿಂತ ಮದ್ಲ ಸಾಬೂನು ಹಚ್ಚಿ ಕೈ ತೊಳಸ್ರಿ. ಹಾಲು, ಸೊಪ್ಪು, ತತ್ತಿ ಕೊಡ್ರಿ. ವಿಷ ತೆಗಿಯಾಕ ಅದರ ಕೆಲಸ ಬಲ್ಲೋರು ಬರಬೇಕು. ಅದಕ್ಕ ಸರ್ಕಾರದ ನಿಯಮ ಐತಿ, ರೊಕ್ಕದ ದಾರಿನೂ ಐತಿ."

"ಯಾರ ರೊಕ್ಕ? ಅವ ಓಡಿ ಹೋಗ್ಯಾನ."

"2025ರಾಗ ಕೇಂದ್ರದ ನಿಯಮ ಬಂದೈತಿ. ಇಂಥಾ ಜಾಗ ಅನುಮಾನ ಬಂದ್ರ ಪಂಚಾಯಿತಿ, ಜಿಲ್ಲಾ ಆಡಳಿತ ಪಟ್ಟಿ ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಮಂಡಳಿಯವರು ಮಣ್ಣು ಪರೀಕ್ಷೆ ಮಾಡಬೇಕು. ಶುದ್ಧ ಮಾಡೋ ಖರ್ಚು ಕೆಡಿಸಿದಾವಂದೇ. ಅವ ಸಿಗದಿದ್ರ, ಇಲ್ಲಾ ಕೊಡೋ ಶಕ್ತಿ ಇಲ್ಲದಿದ್ರ, ಕೇಂದ್ರ ರಾಜ್ಯ ಸರ್ಕಾರಗಳು ಹಾಕಬೇಕು. ಶುದ್ಧ ಆದ ಮ್ಯಾಲ ಆ ಜಾಗ ಊರಿಗೆ ಮತ್ತ ಬಳಕಿಗೆ ಬರತೈತಿ. ಆದ್ರ ನಾವು ಕೇಳಬೇಕು, ಬರದು ಕೇಳಬೇಕು."

ಮುಂದಿನ ವಾರ ಗ್ರಾಮಸಭೆ. ಅಂಗನವಾಡಿ ಕಟ್ಟುವ ಗುತ್ತಿಗೆದಾರ ಪಂಪಾಪತಿ ಎದ್ದು ನಿಂತ. ಶೆಡ್ಡಿನ ಗೇಟಿನ ಮುಂದೆ ಆಗಲೇ ನೆಲ ತುಂಬುವ ಅವನ ಮರಂ ಮಣ್ಣು ಬಂದು ಬಿದ್ದಿತ್ತು.

"ಎರಡು ಅಡಿ ಮರಂ ಹೊಡದ್ರ ಮುಗೀತು, ಬೂದಿ ಕೆಳಗ ಹೋಗತೈತಿ. ಕಟ್ಟಡದ ಅನುದಾನ ಬಂದೈತಿ, ತಡಾ ಮಾಡಿದ್ರ ವಾಪಸ್ ಹೋಗತೈತಿ. ಆಮ್ಯಾಲ ನನ್ನ ಅನಬ್ಯಾಡ್ರಿ."

ಅನುದಾನ ವಾಪಸ್ ಹೋಗುತ್ತದೆ ಎಂದರೆ ಸಾಕು, ನಮ್ಮ ಜನ ಹಾವಿನ ಹುತ್ತದ ಮೇಲೂ ಶಾಲೆ ಕಟ್ಟಲು ತಲೆಯಾಡಿಸುತ್ತಾರೆ. ಸಭೆ ತಲೆಯಾಡಿಸಿತು. ಆಗ ಗ್ಯಾನಪ್ಪ ರಕ್ತದ ಕಾಗದ ಹಿಡಿದು ಮುಂದೆ ಬಂದ.

"ಆ ಬೂದಿ ಹೊತ್ತಾವ ನಾನು. ಅಂಗನವಾಡಿ ಅಲ್ಲೇ ಕಟ್ರಿ ಅಂತ ಒದರಿದಾವನೂ ನಾನು. ಶೆಡ್ಡಿನಿಂದ ನಮ್ಮ ಮನಿ ಅರ್ಧ ತಾಸಿನ ದಾರಿ ಐತಿ, ಆದ್ರೂ ನನ್ನ ಮೊಮ್ಮಗಳ ರಕ್ತಕ್ಕ ಸೀಸ ಸೇರೈತಿ. ಅದರ ಮ್ಯಾಲೇ ಹತ್ತೊಂಬತ್ತು ಮಕ್ಕಳನ್ನ ಕುಂದ್ರಸ್ತೀರೇನು ಪಂಪಾಪತಿ? ಮಕ್ಕಳು ನೆಲ ಕೆದರಂಗಿಲ್ಲೇನು? ಮ್ಯಾಲ ಥಳಕು, ಒಳಗ ಹುಳುಕು. ಮದ್ಲ ಶುದ್ಧ ಮಾಡ್ರಿ, ಆಮ್ಯಾಲ ಕಟ್ರಿ." ಸಭೆಯ ಕಡೆ ತಿರುಗಿದ. "ನನ್ನ ಮಾತು ಕೇಳಿ ಮಾಳಿಗಿಗೆ ಬೂದಿ ಹಾಕಿದೋರು ಕೈ ಎತ್ರಿ. ತಪ್ಪು ನಂದು, ನಿಮ್ಮದಲ್ಲ."

ಯಾರೂ ಎತ್ತಲಿಲ್ಲ. ತಮ್ಮ ಮನೆಯ ಮೇಲೆ ವಿಷ ಹಾಕಿಕೊಂಡೆವೆಂದು ಒಪ್ಪಲು ಯಾರಿಗೆ ಮನಸ್ಸಾಗುತ್ತದೆ? ಕೊನೆಗೆ ಹಿಂದೆ ಕೂತಿದ್ದ ಆದಮ್ಮ ಕಂಕುಳಲ್ಲಿದ್ದ ಮಗುವನ್ನು ಸರಿಸಿಕೊಂಡು ಕೈ ಎತ್ತಿದಳು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಹನ್ನೊಂದೂ ಕೈ ಎದ್ದವು.

ಮಣ್ಣು ಪರೀಕ್ಷೆಯಾಗಲಿ, ಜಾಗ ಶುದ್ಧವಾಗಲಿ ಎಂದು ಅಂದೇ ಸಭೆಯ ಠರಾವು ಬರೆಯಿಸಿದರು. ಗ್ಯಾನಪ್ಪನದೂ ಸೇರಿ ಹನ್ನೆರಡು ಮಾಳಿಗೆಗಳ ಪಟ್ಟಿಯೂ ಅದರಲ್ಲಿ ಸೇರಿತು. ಮಂಡಳಿಯವರು ಬರಲು ಎರಡು ತಿಂಗಳು ಹಿಡಿಯಿತು, ಅದಕ್ಕೆ ಮೂರು ನೆನಪೋಲೆ ಬೇಕಾದವು. ಈಗ ಶೆಡ್ಡಿನ ಸುತ್ತ ಬೇಲಿ ಇದೆ, ಬೋರ್ಡ್ ಇದೆ, ಅಲ್ಲಿಯ ಮಣ್ಣೂ ಮಾಳಿಗೆಗಳ ಬೂದಿಯೂ ಪರೀಕ್ಷೆಗೆ ಹೋಗಿವೆ. ಅಂಗನವಾಡಿ ಸದ್ಯಕ್ಕೆ ಶಾಲೆಯ ಒಂದು ಕೋಣೆಯಲ್ಲಿ ನಡೆಯುತ್ತಿದೆ. ಈಗ ಬೇರೆ ಮನೆಯಲ್ಲಿ ಮಲಗುವ ಅಮರೇಶ್ವರಿಯ ಎರಡನೆಯ ಪರೀಕ್ಷೆಯಲ್ಲಿ ಸೀಸ ಇಳಿದಿದೆ, ಪೂರ್ತಿ ಹೋಗಿಲ್ಲ. ಗ್ಯಾನಪ್ಪನ ಸಿಟ್ಟೂ ಪೂರ್ತಿ ಇಳಿದಿಲ್ಲ. ಇಳಿಯುವುದೂ ಬೇಡ.

ಅಕ್ಕಾ, ಅಣ್ಣಾ, ಮಸ್ಕಿಯಿರಲಿ, ಸಿಂಧನೂರಿರಲಿ, ನಿಮ್ಮೂರಿನಲ್ಲೂ ಬೀಗ ಬಿದ್ದ ಶೆಡ್ಡು, ಬೆಳೆಗೆ ಹೊಡೆಯುವ ಔಷಧಿಯ ಗೋದಾಮು ಇರಬಹುದು. ಅಲ್ಲಿಂದ ಮಣ್ಣು, ಬೂದಿ, ಡಬ್ಬಿ ಏನನ್ನೂ ಮನೆಗೆ ತರಬೇಡಿ. ಮೇಲೆ ಮರಂ ಹಾಕಿ ಮುಚ್ಚುತ್ತೇವೆ ಎಂದರೆ ಬಿಡಬೇಡಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ಮಣ್ಣು ಪರೀಕ್ಷೆ ಆಗಲಿ, ಶುದ್ಧ ಮಾಡಲು ರೊಕ್ಕ ತನ್ನಿ ಎಂದು ಠರಾವು ಬರೆಯಿಸಿ. ಗೊತ್ತಿಲ್ಲದೆ ನೀವೇ ಹೊತ್ತು ತಂದಿದ್ದರೂ ಕೈ ಎತ್ತಿ ಹೇಳಿ. ನಾಚಬೇಕಾದವನು ಬೀಗ ಜಡಿದು ಓಡಿದವನು, ನೀವಲ್ಲ.